ಮಂಡಕ್ಕಿ ಚೀಲವೋ, ಅಡಿಕೆ ಚೀಲವೋ: ಸ್ಟಾರ್ ಆಟಗಾರನ ಟ್ರೇಡ್ ಆಫರ್ ತೂಗಿ ನೋಡುವುದು ಹೇಗೆ?

2025ರ ಫೆಬ್ರವರಿ 2, ಭಾನುವಾರ. ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ಅಂದ್ರೆ ಬೆಣ್ಣೆ ದೋಸೆ ಅಂಗಡಿ ಮುಂದೆ ಕಾಯುವುದು. ಕಾದು ಕಾದು ನಾವು ಮೂವರಿಗೆ ಒಳಗೆ ಜಾಗ ಸಿಕ್ಕಿತ್ತು. ಎರಡನೇ ದೋಸೆಗೆ ಹೇಳಿದ್ದೆವು. ಹತ್ತೂಮುಕ್ಕಾಲರ ಸುಮಾರಿಗೆ ಒಬ್ಬನ ಫೋನು ಗುಂಯ್ ಅಂತು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ದೊಡ್ಡ ಟ್ರೇಡ್, ಅಂದ್ರೆ ತಂಡಗಳ ನಡುವೆ ಆಟಗಾರರ ಅದಲು ಬದಲು: ಡಲ್ಲಾಸ್‌ನ ಸ್ಟಾರ್ ಲೂಕಾ ಡಾನ್ಚಿಚ್ ಲೇಕರ್ಸ್‌ಗೆ, ಲೇಕರ್ಸ್‌ನ ಆಂಥನಿ ಡೇವಿಸ್ ಡಲ್ಲಾಸ್‌ಗೆ. "ಯಾರೋ ಅಕೌಂಟ್ ಹ್ಯಾಕ್ ಮಾಡಿರ್ಬೇಕು ಬಿಡಲೇ" ಅಂದೆ ನಾನು. ಅಮೆರಿಕದಲ್ಲಿ ಆಗ ಮಧ್ಯರಾತ್ರಿ. ಅಲ್ಲೂ ಬಹಳ ಜನ ಅದನ್ನೇ ಅಂದುಕೊಂಡಿದ್ದರು.

ಸುದ್ದಿ ನಿಜ ಅಂತ ಗೊತ್ತಾದ ಮೇಲೆ ಜಗಳ ಶುರುವಾಯ್ತು. ನಾವಿಬ್ಬರು ಆಟಗಾರರ ಅಂಕಿ ಅಂಶ ಹಿಡಿದು ಕೂಗಾಡುತ್ತಿದ್ದರೆ ಮೂರನೆಯವನು ಸುಮ್ನೆ ಪಲ್ಯ ನಂಜಿಕೊಂಡು ತಿನ್ನುತ್ತಿದ್ದ. ಅವನದು ಎಪಿಎಂಸಿಯಲ್ಲಿ ಕಮಿಷನ್ ಅಂಗಡಿ. ಬ್ಯಾಸ್ಕೆಟ್‌ಬಾಲ್ ನೋಡುವವನಲ್ಲ. ಕೊನೆಗೆ ಕೈ ಒರೆಸಿಕೊಂಡು ಕೇಳಿದ: "ಕೊಟ್ಟಿದ್ದೇನು, ಬಂದಿದ್ದೇನು ಅಂತ ಹೇಳ್ತಿದೀರಿ. ಎಷ್ಟು ಜನ ಗಿರಾಕಿಗಳನ್ನ ಕೇಳಿದ್ರು ಅಂತ ಯಾರೂ ಹೇಳ್ಲಿಲ್ವಲ್ಲ?"

ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲಿಂದ ಯಾವ ದೊಡ್ಡ ಟ್ರೇಡ್ ಸುದ್ದಿ ಬಂದರೂ ನಾನು ಒಂದು ಕ್ರಮದಲ್ಲಿ ನೋಡುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಎನ್‌ಬಿಎ ನೋಡಲು ಶುರು ಮಾಡಿದವರಿಗೂ, ಬೆಳಿಗ್ಗೆ ಆರಕ್ಕೆ ಎದ್ದು ಮೊಬೈಲ್‌ನಲ್ಲಿ ಪಂದ್ಯ ನೋಡುವ ಹುಚ್ಚರಿಗೂ ಇದು ಉಪಯೋಗಕ್ಕೆ ಬರಬಹುದು.

ಶುರು ಮಾಡುವ ಮೊದಲು ಒಂದು ವಿಷಯ

ನಮಗೆ ಐಪಿಎಲ್ ಅಭ್ಯಾಸ. 2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್ ಟೈಟನ್ಸ್‌ನಿಂದ ಮುಂಬೈ ಇಂಡಿಯನ್ಸ್‌ಗೆ ಬಂದಾಗ ಬದಲಿಗೆ ಯಾವ ಆಟಗಾರನೂ ಹೋಗಲಿಲ್ಲ, ದುಡ್ಡು ಹೋಯಿತು. ಎನ್‌ಬಿಎಯಲ್ಲಿ ಹಾಗಾಗಲ್ಲ. ದುಡ್ಡು ಸೇರಿಸಬಹುದು, ಆದರೆ ಅದಕ್ಕೆ ವರ್ಷಕ್ಕೊಂದು ಮಿತಿ ಇದೆ. ಸ್ಟಾರ್ ಒಬ್ಬನನ್ನು ಬರೀ ದುಡ್ಡಿಗೆ ಮಾರುವ ಪ್ರಶ್ನೆಯೇ ಇಲ್ಲ. ಆಟಗಾರರಿಗೆ ಆಟಗಾರರು, ಜೊತೆಗೆ ಡ್ರಾಫ್ಟ್ ಪಿಕ್. ಹಳ್ಳಿಯಲ್ಲಿ ಜಮೀನು ಅದಲು ಬದಲು ಮಾಡಿಕೊಳ್ಳುತ್ತಾರಲ್ಲ, ಹಾಗೆ.

ಡ್ರಾಫ್ಟ್ ಅಂದ್ರೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ. 30 ತಂಡ, ಎರಡು ಸುತ್ತು. ಸೋತ ತಂಡಗಳಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಆ ಸರದಿಯ ಹಕ್ಕೇ ಪಿಕ್. ಇನ್ನೂ ಹೈಸ್ಕೂಲಿನಲ್ಲಿರುವ ಯಾವನೋ ಹುಡುಗನ ಹಕ್ಕನ್ನು ಇವತ್ತೇ ಮಾರಬಹುದು. ವಿಚಿತ್ರ ಅನ್ನಿಸುತ್ತೆ, ಆದರೆ ಇಡೀ ವ್ಯಾಪಾರದ ರುಚಿ ಇರುವುದು ಅಲ್ಲೇ.

ಹಂತ 1: ಯಾವ ಕುರ್ಚಿಯಲ್ಲಿ ಕೂತಿದ್ದೀರಿ ಅಂತ ತೀರ್ಮಾನಿಸಿ

ಆಫರ್ ಒಳ್ಳೆಯದಾ ಅಂತ ಕೇಳಬೇಡಿ, ಯಾರಿಗೆ ಒಳ್ಳೆಯದು ಅಂತ ಕೇಳಿ. ಈ ವರ್ಷ ಕಪ್ ಗೆಲ್ಲಬಹುದಾದ ತಂಡಕ್ಕೆ 2031ರ ಪಿಕ್ ಸಿಕ್ಕಿ ಏನಾಗಬೇಕು? ಎಲ್ಲ ಕೆಡವಿ ಹೊಸದಾಗಿ ಕಟ್ಟುತ್ತಿರುವ ತಂಡಕ್ಕೆ 31 ವರ್ಷದ ಒಳ್ಳೆ ಆಟಗಾರ ಸಿಕ್ಕಿ ಏನು ಪ್ರಯೋಜನ? ಹುಡುಗರು ಬೆಳೆಯುವ ಹೊತ್ತಿಗೆ ಅವನು ರಿಟೈರ್ ಆಗಿರುತ್ತಾನೆ.

ಡಲ್ಲಾಸ್ ವಿಷಯದಲ್ಲಿ ನನ್ನ ತಕರಾರು ಇಲ್ಲೇ ಶುರುವಾಗುತ್ತೆ. ಲೂಕಾಗೆ ಆಗ 25. ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್‌ಗೆ ಕೊಂಡೊಯ್ದಿದ್ದ. ಬಂದ ಡೇವಿಸ್‌ಗೆ 31 ಮುಗಿಯುತ್ತಾ ಬಂದಿತ್ತು. ಜೊತೆಗೆ ಮ್ಯಾಕ್ಸ್ ಕ್ರಿಸ್ಟಿ ಅನ್ನೋ ಹುಡುಗ, ಲೇಕರ್ಸ್‌ನ 2029ರ ಒಂದು ಮೊದಲ ಸುತ್ತಿನ ಪಿಕ್. "ಈಗಲೇ ಗೆಲ್ಲಬೇಕು, ಡಿಫೆನ್ಸ್ ಬೇಕು" ಅಂತ ಕುರ್ಚಿ ಆರಿಸಿಕೊಂಡರು. ಆ ಕುರ್ಚಿಯಲ್ಲೇ ಕೂತು ನೋಡಿದರೂ, ಆರು ವರ್ಷ ದೊಡ್ಡವನನ್ನು ತಗೊಂಡ ಮೇಲೆ ಕೈಗೆ ಇನ್ನೂ ಏನಾದರೂ ಬರಬೇಕಿತ್ತು ಅಲ್ವಾ?

ಹಂತ 2: ಸ್ಟಾರ್‌ನ ಪಹಣಿ ತೆಗೆಸಿ

ಜಮೀನು ಕೊಳ್ಳುವವರು ಪಹಣಿ, ಇಸಿ ನೋಡದೆ ಅಡ್ವಾನ್ಸ್ ಕೊಡಲ್ಲ. ಇಲ್ಲೂ ಅಷ್ಟೇ. ಪಂದ್ಯಕ್ಕೆ ಎಷ್ಟು ಪಾಯಿಂಟ್ ಹೊಡೀತಾನೆ ಅನ್ನೋದು ಎಲ್ಲರಿಗೂ ಕಾಣುವ ಬೆಳೆ. ಕಾಗದದಲ್ಲಿರೋದು ಬೇರೆ: ವಯಸ್ಸು, ಒಪ್ಪಂದದಲ್ಲಿ ಉಳಿದ ವರ್ಷ, ಸಂಬಳ, ಮೈಯಲ್ಲಿರುವ ಹಳೇ ಗಾಯ.

ಇದರಲ್ಲಿ ಉಳಿದ ವರ್ಷವೇ ಬೆಲೆಯನ್ನು ಜಾಸ್ತಿ ಏರಿಸಿ ಇಳಿಸುವುದು. 2018ರ ಜುಲೈನಲ್ಲಿ ಟೊರಾಂಟೊ ತನ್ನ ಊರಿನ ಕಣ್ಮಣಿ ಡೆಮಾರ್ ಡಿರೋಜನ್, ಯಾಕೋಬ್ ಪೊಯೆಲ್ಟ್ಲ್ ಮತ್ತು ಒಂದು ಪ್ರೊಟೆಕ್ಟೆಡ್ ಪಿಕ್ (ಷರತ್ತು ಹಾಕಿದ ಪಿಕ್) ಕೊಟ್ಟು ಕವಾಯ್ ಲೆನಾರ್ಡ್‌ನನ್ನೂ ಡ್ಯಾನಿ ಗ್ರೀನ್‌ನನ್ನೂ ತಂದಿತು. ಕವಾಯ್ ಮುಂದಿನ ವರ್ಷವೇ ಬಿಟ್ಟು ಹೋಗಬಹುದು ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾಗಿಯೇ ಬೆಲೆ ಕಡಿಮೆ. ಟೊರಾಂಟೊ 2019ರಲ್ಲಿ ಕಪ್ ಗೆದ್ದಿತು, ಕವಾಯ್ ಅದೇ ಬೇಸಿಗೆಯಲ್ಲಿ ಕ್ಲಿಪ್ಪರ್ಸ್‌ಗೆ ಹೋದ. ಒಂದು ವರ್ಷದ ಗುತ್ತಿಗೆಗೆ ತೋಟ ಹಿಡಿದು ಬಂಪರ್ ಫಸಲು ತೆಗೆದ ಹಾಗೆ. ಟೊರಾಂಟೊದವರು ಇವತ್ತಿಗೂ ಆ ಟ್ರೇಡ್ ಬಗ್ಗೆ ಬೇಜಾರು ಮಾಡಿಕೊಂಡಿಲ್ಲ.

ವಯಸ್ಸು ಮತ್ತು ಸಂಬಳ ಸೇರಿದರೆ ಏನಾಗುತ್ತೆ ಅನ್ನೋದಕ್ಕೆ ಮಿಲ್ವಾಕಿ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ 33 ವರ್ಷದ ಡೇಮಿಯನ್ ಲಿಲ್ಲಾರ್ಡ್‌ಗಾಗಿ ಜ್ರೂ ಹಾಲಿಡೇಯನ್ನೂ 2029ರ ಪಿಕ್ಕನ್ನೂ ಇನ್ನೆರಡು ವರ್ಷ ಪಿಕ್ ಅದಲು ಬದಲು ಮಾಡಿಕೊಳ್ಳುವ ಹಕ್ಕನ್ನೂ (ಸ್ವಾಪ್) ಕೊಟ್ಟಿತು. ಎರಡು ವರ್ಷವೂ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತಿತು, ಎರಡು ಸಲವೂ ಇಂಡಿಯಾನಾ ಕೈಲಿ. 2025ರ ಏಪ್ರಿಲ್‌ನಲ್ಲಿ ಲಿಲ್ಲಾರ್ಡ್‌ನ ಹಿಮ್ಮಡಿ ನರ ಹರಿಯಿತು. ಜುಲೈನಲ್ಲಿ ತಂಡ ಅವನನ್ನು ಕೈಬಿಟ್ಟು, ಬಾಕಿ ಇದ್ದ ಸುಮಾರು 11.3 ಕೋಟಿ ಡಾಲರ್ ಸಂಬಳವನ್ನು ಐದು ವರ್ಷಕ್ಕೆ ಹಂಚಿಕೊಂಡಿತು. ಲಿಲ್ಲಾರ್ಡ್ ತಿರುಗಿ ತನ್ನ ಹಳೇ ತಂಡ ಪೋರ್ಟ್‌ಲ್ಯಾಂಡ್‌ಗೇ ಹೋದ. ಕೊಟ್ಟ ಪಿಕ್ ಮಾತ್ರ ತಿರುಗಿ ಬರಲಿಲ್ಲ. ಇತ್ತ ಹಾಲಿಡೇ ಬಾಸ್ಟನ್ ಸೇರಿ 2024ರಲ್ಲಿ ಕಪ್ ಎತ್ತಿದ್ದ.

ಇನ್ನೊಂದು ಸಾಲು ಓದಲು ಮರೆಯಬೇಡಿ. ಕೆಲವರ ಒಪ್ಪಂದದಲ್ಲಿ ಟ್ರೇಡ್ ಆದರೆ ಸಂಬಳ ಏರುವ ಷರತ್ತು ಇರುತ್ತೆ, ಶೇ 15ರವರೆಗೆ. ಬಹಳ ಅಪರೂಪಕ್ಕೆ ಒಬ್ಬಿಬ್ಬರಿಗೆ "ನನ್ನ ಒಪ್ಪಿಗೆ ಇಲ್ಲದೆ ಟ್ರೇಡ್ ಮಾಡುವಂತಿಲ್ಲ" ಅನ್ನುವ ಹಕ್ಕೇ ಇರುತ್ತೆ. ಅಂಥವನ ವಿಷಯದಲ್ಲಿ ಮಾರುವವನಿಗಿಂತ ಮಾಲಿಗೇ ಮಾತು ಜಾಸ್ತಿ.

ಹಂತ 3: ಸಂಬಳದ ಲೆಕ್ಕ ಕೂಡುತ್ತಾ?

ಇದು ಬೇಜಾರಿನ ಭಾಗ. ಆದರೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡುವ ಕಲ್ಪನೆಯ ಟ್ರೇಡ್‌ಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಬಿದ್ದು ಹೋಗುತ್ತವೆ. ಹಾಗಾಗಿ ಜಗಳ ಆಡುವ ಮೊದಲು ಇದನ್ನು ನೋಡಿಬಿಟ್ಟರೆ ಗಂಟಲು ಉಳಿಯುತ್ತೆ.

2025-26ರ ಸೀಸನ್ನಿಗೆ ಸಂಬಳದ ಕ್ಯಾಪ್, ಅಂದ್ರೆ ಇಡೀ ತಂಡದ ಒಟ್ಟು ಸಂಬಳಕ್ಕೆ ಹಾಕಿದ ಮಿತಿ, 15.46 ಕೋಟಿ ಡಾಲರ್. ಆದರೆ ಇದು ದಾಟಬಹುದಾದ ಗೆರೆ, ಬಹುತೇಕ ತಂಡಗಳು ದಾಟಿಯೇ ಇರುತ್ತವೆ. ಅದರ ಮೇಲೆ 18.79 ಕೋಟಿಗೆ ಲಕ್ಷುರಿ ಟ್ಯಾಕ್ಸ್ ಗೆರೆ, ದಾಟಿದರೆ ದಂಡ ಕಟ್ಟಬೇಕು. 19.59 ಕೋಟಿಗೆ ಮೊದಲ ಏಪ್ರನ್, ಅಂದ್ರೆ ಟ್ರೇಡ್‌ಗೇ ಕಟ್ಟುಪಾಡು ಹಾಕುವ ಗೆರೆ. 20.78 ಕೋಟಿಗೆ ಎರಡನೇ ಏಪ್ರನ್. ಒಂದೊಂದು ಗೆರೆ ದಾಟಿದಾಗಲೂ ಕೈಗೆ ಒಂದೊಂದು ಹಗ್ಗ ಬೀಳುತ್ತೆ.

ನೆನಪಿಡಬೇಕಾದ್ದು ಇಷ್ಟು. ಕ್ಯಾಪ್‌ನಲ್ಲಿ ಜಾಗ ಖಾಲಿ ಇರುವ ತಂಡ ಆ ಜಾಗಕ್ಕೆ ಹಾಗೇ ಆಟಗಾರನನ್ನು ತುಂಬಿಕೊಳ್ಳಬಹುದು. ಕ್ಯಾಪ್ ದಾಟಿದ್ದರೂ ಏಪ್ರನ್‌ಗಳ ಕೆಳಗೆ ಇದ್ದರೆ, ಕಳಿಸುವ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ ತರಬಹುದು. ಮೊದಲ ಏಪ್ರನ್ ದಾಟಿದರೆ ಕಳಿಸಿದ್ದಕ್ಕಿಂತ ಒಂದು ಡಾಲರೂ ಜಾಸ್ತಿ ತರುವಂತಿಲ್ಲ. ಎರಡನೇ ಏಪ್ರನ್ ದಾಟಿದವರ ಪಾಡು ಇನ್ನೂ ಕಷ್ಟ: ಇಬ್ಬರು ಮೂವರ ಸಂಬಳ ಕೂಡಿಸಿ ಒಬ್ಬ ದೊಡ್ಡ ಸಂಬಳದವನನ್ನು ತರುವ ಹಾಗೇ ಇಲ್ಲ.

ಸ್ಟಾರ್‌ನ ಸಂಬಳವನ್ನೂ ಒಮ್ಮೆ ನೋಡಿ. ಲೀಗಿನಲ್ಲಿ ಆಡಿದ ವರ್ಷದ ಮೇಲೆ ಗರಿಷ್ಠ ಸಂಬಳ ಕ್ಯಾಪ್‌ನ ಶೇ 25, 30 ಅಥವಾ 35. ಶೇ 35 ಅಂದ್ರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಒಬ್ಬನಿಗೇ. ಅವನನ್ನು ಬಿಟ್ಟರೆ ಉಳಿದ 14 ಜನರನ್ನು ಯಾವ ದುಡ್ಡಲ್ಲಿ ಸಾಕುತ್ತೀರಿ ಅನ್ನೋದೂ ಆಫರ್‌ನ ಭಾಗವೇ.

ಹಂತ 4: ಚೀಲ ಸುರಿದು ನೋಡಿ

ಮಂಡಕ್ಕಿ ಭಟ್ಟಿ ಕಡೆಯಿಂದ ಬರುವ ಗಾಡಿ ನೋಡಿದ್ದೀರಾ? ಚೀಲಗಳು ಗೋಪುರದ ಹಾಗೆ ಕಟ್ಟಿರುತ್ತಾರೆ. ಒಂದು ಚೀಲವನ್ನು ಸಣ್ಣ ಹುಡುಗನೂ ತಲೆ ಮೇಲೆ ಹೊತ್ತು ಓಡುತ್ತಾನೆ. ಚನ್ನಗಿರಿ ಕಡೆಯ ಅಡಿಕೆ ಚೀಲ ಅದರ ಅರ್ಧ ಕಾಣುತ್ತೆ, ಎತ್ತೋಕೆ ಹೋದರೆ ಸೊಂಟ ಹಿಡಿಯುತ್ತೆ.

ಟ್ರೇಡ್ ಆಫರ್‌ಗಳಲ್ಲೂ ಮಂಡಕ್ಕಿ ಚೀಲ ಜಾಸ್ತಿ. "ಐದು ಆಟಗಾರರು, ಆರು ಪಿಕ್" ಅಂತ ಸುದ್ದಿ ಬಂದಾಗ ಎಣಿಕೆಗೆ ಮರುಳಾಗಬೇಡಿ. ಬರುವ ಆಟಗಾರರನ್ನು ಮೂರು ಗುಡ್ಡೆ ಮಾಡಿ. ಒಂದನೆಯದು, ನಾಳೆಯೇ ಕೋರ್ಟಿಗೆ ಇಳಿದು ಪಂದ್ಯದ ಕೊನೇ ಐದು ನಿಮಿಷ ಆಡಬಲ್ಲವರು. ಎರಡನೆಯದು, ಇನ್ನೂ ಬೆಳೆಯುವ ಹುಡುಗರು. ಮೂರನೆಯದು, ಸಂಬಳದ ಲೆಕ್ಕ ಹೊಂದಿಸೋಕೆ ಸೇರಿಸಿದವರು. ಮೂರನೇ ಗುಡ್ಡೆಯಲ್ಲಿ ಇರುವವನ ಒಪ್ಪಂದ ಈ ವರ್ಷ ಮುಗಿದರೆ ಪರವಾಗಿಲ್ಲ. ಇನ್ನೂ ಮೂರು ವರ್ಷ ಬಾಕಿ ಇದ್ದರೆ ಅದು ಆಸ್ತಿ ಅಲ್ಲ, ಸಾಲ. ಅದನ್ನು ಆಫರ್‌ನಿಂದ ಕಳೆಯಬೇಕು, ಕೂಡಿಸಬಾರದು.

ಎರಡು ಐದು ರೂಪಾಯಿ ಸೇರಿದರೆ ಹತ್ತು ರೂಪಾಯಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಲೆಕ್ಕ ನಡೆಯಲ್ಲ. ಕೋರ್ಟಿನಲ್ಲಿ ಒಂದು ಸಲಕ್ಕೆ ಐದೇ ಜನ. ಪಂದ್ಯ 48 ನಿಮಿಷ. ಅಂದ್ರೆ ಇಡೀ ತಂಡಕ್ಕೆ ಹಂಚಲು ಸಿಗುವುದು 240 ನಿಮಿಷ ಮಾತ್ರ. ಸ್ಟಾರ್ ಅದರಲ್ಲಿ 36 ನಿಮಿಷ ತಿನ್ನುತ್ತಾನೆ, ಆ 36 ನಿಮಿಷ ಚೆಂಡು ಅವನ ಕೈಯಲ್ಲೇ. ಅವನ ಬದಲು ಮೂವರು ಸಾಧಾರಣ ಆಟಗಾರರು ಬಂದರೆ ಅದೇ 36 ನಿಮಿಷಕ್ಕೆ ಮೂವರು ಕಿತ್ತಾಡಬೇಕು. ಕ್ರಿಕೆಟ್‌ನಲ್ಲಿ ಒಬ್ಬ ಸ್ಟಾರ್ ಬ್ಯಾಟರ್ ಔಟಾದರೆ ಪೆವಿಲಿಯನ್‌ಗೆ ಹೋಗುತ್ತಾನೆ, ಇನ್ನೊಬ್ಬ ಬರುತ್ತಾನೆ. ಇಲ್ಲಿ ಸ್ಟಾರ್ ಶಾಟ್ ತಪ್ಪಿಸಿದರೂ ಮುಂದಿನ ಶಾಟ್ ಅವನದೇ. ಅದಕ್ಕೇ ಈ ಆಟದಲ್ಲಿ ಒಬ್ಬನ ಬೆಲೆ ಅಷ್ಟು.

ಜಾಗದ ಲೆಕ್ಕವೂ ಇದೆ. ತಂಡಕ್ಕೆ 15 ಜನ. ಒಬ್ಬನನ್ನು ಕೊಟ್ಟು ಮೂವರನ್ನು ತಂದರೆ ನಿಮ್ಮಲ್ಲಿರುವ ಇಬ್ಬರನ್ನು ಮನೆಗೆ ಕಳಿಸಬೇಕು. ಆ ಇಬ್ಬರು ಯಾರು ಅಂತ ಹೆಸರು ಬರೆದು ನೋಡಿ, ಆಫರ್‌ನ ಕಳೆ ಸ್ವಲ್ಪ ಇಳಿಯುತ್ತೆ.

ಹಂತ 5: ಪಿಕ್‌ಗಳನ್ನು ಒಂದೊಂದಾಗಿ ಬಿಡಿಸಿ

ಇಲ್ಲಿ ನಿಧಾನಿಸಿ. ನನ್ನ ಅನುಭವದಲ್ಲಿ ಜನ ತಪ್ಪು ಮಾಡುವುದೂ ಇಲ್ಲೇ, ಇತಿಹಾಸ ಬದಲಾಗಿರುವುದೂ ಇಲ್ಲೇ.

ಪ್ರತಿ ಪಿಕ್‌ಗೆ ಮೂರು ಪ್ರಶ್ನೆ: ಯಾರ ಪಿಕ್? ಯಾವ ವರ್ಷದ್ದು? ಪ್ರೊಟೆಕ್ಷನ್ ಇದೆಯಾ?

"ಯಾರ ಪಿಕ್" ಅನ್ನೋದು ಯಾಕೆ ಮುಖ್ಯ ಅಂದ್ರೆ, ಗೆಲ್ಲುವ ತಂಡದ ಪಿಕ್ 25ರಿಂದ 30ರ ಒಳಗೆ ಬೀಳುತ್ತೆ. ಹೆಸರಿಗೆ ಮೊದಲ ಸುತ್ತು, ಸಿಗುವುದು ಸಾಮಾನ್ಯವಾಗಿ ಬೆಂಚಿನ ಆಟಗಾರ. ನಿಮ್ಮ ಸ್ಟಾರ್‌ನನ್ನು ತಗೊಂಡು ಹೋದ ತಂಡ ಅವನಿಂದಲೇ ಗೆಲ್ಲುತ್ತೆ, ಅವನಿಂದಲೇ ನಿಮ್ಮ ಪಿಕ್ ಕೆಳಗೆ ಬೀಳುತ್ತೆ. ತಮಾಷೆ ನೋಡಿ, ನೀವು ಕೊಟ್ಟ ಮಾಲೇ ನಿಮ್ಮ ಹಣವನ್ನು ಕಡಿಮೆ ಮಾಡುತ್ತೆ. ಮಿನ್ನೆಸೋಟ 2022ರಲ್ಲಿ ಯೂಟಾದ ರೂಡಿ ಗೋಬೇರ್‌ಗಾಗಿ ನಾಲ್ಕು ಮೊದಲ ಸುತ್ತಿನ ಪಿಕ್, ಒಂದು ಸ್ವಾಪ್, ಐವರು ಆಟಗಾರರನ್ನು ಕೊಟ್ಟಾಗ ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ. 2024 ಮತ್ತು 2025ರಲ್ಲಿ ಮಿನ್ನೆಸೋಟ ಸತತವಾಗಿ ಕಾನ್ಫರೆನ್ಸ್ ಫೈನಲ್ (ನಮ್ಮ ಲೆಕ್ಕದಲ್ಲಿ ಸೆಮಿಫೈನಲ್) ಆಡಿತು. ಗೆಲ್ಲುವ ತಂಡದ ಪಿಕ್ ಹಿಡಿದುಕೊಂಡ ಯೂಟಾಗೆ ಅದರಿಂದ ಲಾಭ ಅಷ್ಟಕ್ಕಷ್ಟೇ.

ಹಾಗಾಗಿ ಬೆಲೆ ಇರುವುದು ದೂರದ ವರ್ಷದ ಪಿಕ್‌ಗೆ. ಸ್ಟಾರ್‌ಗೆ ವಯಸ್ಸಾಗಿ, ಕೊಂಡ ತಂಡ ಸುಸ್ತಾಗಿ ಬೀಳುವ ವರ್ಷ ಯಾವುದು ಅಂತ ಊಹಿಸಿ, ಆ ವರ್ಷದ ಪಿಕ್ ಕೇಳಬೇಕು.

ಇದನ್ನು ಬಾಸ್ಟನ್ ಮಾಡಿದಷ್ಟು ಚೆನ್ನಾಗಿ ಯಾರೂ ಮಾಡಿಲ್ಲ. 2013ರಲ್ಲಿ 37ರ ಕೆವಿನ್ ಗಾರ್ನೆಟ್, 35ರ ಪಾಲ್ ಪಿಯರ್ಸ್ ಇಬ್ಬರನ್ನೂ ಬ್ರೂಕ್ಲಿನ್‌ಗೆ ಕೊಟ್ಟು 2014, 2016, 2018ರ ಪಿಕ್, ಜೊತೆಗೆ 2017ರಲ್ಲಿ ಪಿಕ್ ಅದಲು ಬದಲು ಮಾಡಿಕೊಳ್ಳುವ ಹಕ್ಕು ಪಡೆಯಿತು. ಬ್ರೂಕ್ಲಿನ್ ಒಂದೇ ಒಂದು ಪ್ಲೇಆಫ್ ಸರಣಿ ಗೆದ್ದಿತು. ಪಿಯರ್ಸ್ ಒಂದು ವರ್ಷಕ್ಕೇ ಹೋದ. ತಂಡ ಕುಸಿಯಿತು, ಕುಸಿದಷ್ಟೂ ಬಾಸ್ಟನ್‌ನ ಪಿಕ್ ಮೇಲೇರಿತು. 2016ರಲ್ಲಿ ಮೂರನೇ ಸರದಿಗೆ ಜೇಲೆನ್ ಬ್ರೌನ್. 2017ರಲ್ಲಿ ಬ್ರೂಕ್ಲಿನ್ 82ರಲ್ಲಿ 20 ಪಂದ್ಯ ಮಾತ್ರ ಗೆದ್ದು ಲೀಗಿಗೇ ಕೊನೆ, ಆ ಮೊದಲ ಸರದಿ ಬಾಸ್ಟನ್‌ಗೆ. ಅದನ್ನು ಫಿಲಡೆಲ್ಫಿಯಾಗೆ ಕೊಟ್ಟು ಮೂರನೇ ಸರದಿಯ ಜೊತೆ ಇನ್ನೊಂದು ಪಿಕ್ಕನ್ನೂ ತಗೊಂಡು, ಜೇಸನ್ ಟೇಟಮ್‌ನನ್ನು ಆರಿಸಿತು. ಬ್ರೌನ್, ಟೇಟಮ್ ಜೋಡಿ 2024ರಲ್ಲಿ ಬಾಸ್ಟನ್‌ಗೆ ಕಪ್ ತಂದಿತು. ಹನ್ನೊಂದು ವರ್ಷ ಬಿಟ್ಟು ಬಂದ ಫಸಲು. ಅಡಿಕೆ ಗಿಡ ಹಾಕಿದವರಿಗೂ ಇಷ್ಟು ತಾಳ್ಮೆ ಬೇಕಾಗಲ್ಲ.

ಇಷ್ಟಾದ ಮೇಲೂ ಬ್ರೂಕ್ಲಿನ್ 2021ರಲ್ಲಿ ಜೇಮ್ಸ್ ಹಾರ್ಡನ್‌ಗಾಗಿ ಹ್ಯೂಸ್ಟನ್‌ಗೆ ಮತ್ತೆ ಪಿಕ್ ಸುರಿಯಿತು. ಒಂದೇ ಒಲೆಯಲ್ಲಿ ಎರಡು ಸಲ ಕೈ ಸುಟ್ಟುಕೊಂಡವರು.

ಇನ್ನು 2019ರ ಪಾಲ್ ಜಾರ್ಜ್ ಟ್ರೇಡ್. ಕ್ಲಿಪ್ಪರ್ಸ್‌ನವರಿಗೆ ಕವಾಯ್ ಬೇಕಿತ್ತು, ಕವಾಯ್‌ಗೆ ಜೊತೆಗೆ ಜಾರ್ಜ್ ಬೇಕಿತ್ತು. ಆ ಅರ್ಜೆಂಟನ್ನು ಜಾರ್ಜ್ ಆಗ ಇದ್ದ ತಂಡ ಒಕ್ಲಹೋಮ ಸಿಟಿ ಚೆನ್ನಾಗಿ ಬಳಸಿಕೊಂಡಿತು. ಐದು ಮೊದಲ ಸುತ್ತಿನ ಪಿಕ್, ಎರಡು ಸ್ವಾಪ್, ಡನೀಲೊ ಗಲಿನಾರಿ, ಜೊತೆಗೆ ಒಂದೇ ವರ್ಷ ಆಡಿದ್ದ ಶೈ ಗಿಲ್ಜಸ್-ಅಲೆಕ್ಸಾಂಡರ್ ಅನ್ನೋ ಹುಡುಗ. ಅವತ್ತು ಎಲ್ಲರೂ ಪಿಕ್ ಎಣಿಸುತ್ತಿದ್ದರು. ಅಡಿಕೆ ಚೀಲ ಆ ಹುಡುಗನೇ ಆಗಿದ್ದ. 2025ರಲ್ಲಿ ಅವನು ಲೀಗಿನ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ), ಒಕ್ಲಹೋಮ ಸಿಟಿ ಚಾಂಪಿಯನ್. ಪಿಕ್‌ಗಳಲ್ಲಿ ಒಂದು 2022ರಲ್ಲಿ 12ನೇ ಸರದಿಯಾಗಿ ಬಂದು ಜೇಲೆನ್ ವಿಲಿಯಮ್ಸ್ ಆದ. ಕ್ಲಿಪ್ಪರ್ಸ್ ಒಮ್ಮೆಯೂ ಫೈನಲ್ ಮುಟ್ಟಲಿಲ್ಲ, ಜಾರ್ಜ್ 2024ರಲ್ಲಿ ಬದಲಿಗೆ ಏನೂ ಕೊಡಿಸದೆ ಫಿಲಡೆಲ್ಫಿಯಾಗೆ ಹೋದ.

ಈಗ ನಿಯಮ ಎರಡು ಮಾತಲ್ಲಿ. ಏಳು ವರ್ಷಕ್ಕಿಂತ ಮುಂದಿನ ಪಿಕ್ ಮಾರುವಂತಿಲ್ಲ. ಮುಂದಿನ ಯಾವ ಎರಡು ಸತತ ವರ್ಷವೂ ತಂಡದ ಕೈಯಲ್ಲಿ ಮೊದಲ ಸುತ್ತಿನ ಪಿಕ್ ಇಲ್ಲದಂತಾಗಬಾರದು. ಇದು ಸ್ಟೆಪಿಯನ್ ನಿಯಮ. 1980ರ ದಶಕದ ಶುರುವಿನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಪಿಕ್‌ಗಳನ್ನು ಕಂಡಕಂಡವರಿಗೆ ಕೊಟ್ಟು ತಂಡವನ್ನೇ ಮುಳುಗಿಸಿದ್ದಕ್ಕೆ ಬಂದದ್ದು. ಸುದ್ದಿಯಲ್ಲಿ ಯಾವಾಗಲೂ 2027, 2029, 2031 ಅಂತ ಒಂದು ವರ್ಷ ಬಿಟ್ಟು ಒಂದು ವರ್ಷ ಬರುವುದು ಇದಕ್ಕೇ. ನಡುವಿನ ವರ್ಷಗಳಿಗೆ ಸ್ವಾಪ್ ಹಾಕುತ್ತಾರೆ. ಸ್ವಾಪ್ ಅಂದ್ರೆ ಇಬ್ಬರ ಪಿಕ್‌ನಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳುವ ಹಕ್ಕು. ಕೊಟ್ಟವನ ಕೈಯಲ್ಲಿ ಆಗಲೂ ಒಂದು ಪಿಕ್ ಉಳಿಯುವುದರಿಂದ ನಿಯಮ ಮುರಿಯಲ್ಲ.

ಪ್ರೊಟೆಕ್ಷನ್ ಅಂದ್ರೆ ಬೇಲಿ. "ಟಾಪ್-4 ಪ್ರೊಟೆಕ್ಟೆಡ್" ಅಂದ್ರೆ ಪಿಕ್ ಮೊದಲ ನಾಲ್ಕರೊಳಗೆ ಬಿದ್ದರೆ ಕೊಡಲ್ಲ, ಐದರಿಂದಾಚೆ ಬಿದ್ದರೆ ತಗೊಳ್ಳಿ ಅಂತ. ಹಣ್ಣು ನಮಗೆ, ಸಿಪ್ಪೆ ನಿಮಗೆ. ಬೇಲಿ ಇರುವ ಪಿಕ್‌ಗೆ ನಾನು ಅರ್ಧ ಬೆಲೆಯೂ ಕೊಡಲ್ಲ.

ಹಂತ 6: ಬೇರೆ ಗಿರಾಕಿ ಯಾರು?

ನಮ್ಮ ಕಮಿಷನ್ ಅಂಗಡಿ ಗೆಳೆಯನ ಪ್ರಶ್ನೆಗೆ ಬಂದೆವು. ಮೆಕ್ಕೆಜೋಳದ ಸೀಸನ್ನಿನಲ್ಲಿ ಅವನ ಅಂಗಡಿ ಮುಂದೆ ಕೂತರೆ ಟ್ರೇಡ್ ಪಾಠ ಪುಕ್ಕಟೆ ಸಿಗುತ್ತೆ. ರಾಶಿ ಸುರಿದಿರುತ್ತಾರೆ. ಖರೀದಿದಾರ ಬಂದು ಮೇಲಿನ ಕಾಳು ಮುಟ್ಟಲ್ಲ, ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ತಳದ ಕಾಳು ತೆಗೆಯುತ್ತಾನೆ. ಹಲ್ಲಲ್ಲಿ ಕಡಿದು ತೇವ ನೋಡುತ್ತಾನೆ. "ಹಸಿ ಐತಿ" ಅಂತ ಮುಖ ಸಿಂಡರಿಸುತ್ತಾನೆ. ರೈತ ಒಬ್ಬನೇ ಗಿರಾಕಿಯ ಮುಂದೆ ನಿಂತಿದ್ದರೆ ಆ ಮುಖಕ್ಕೆ ಹೆದರಿ ಒಪ್ಪಿಬಿಡುತ್ತಾನೆ. ಟೆಂಡರ್‌ನಲ್ಲಿ ಐದಾರು ಜನ ಬಿದ್ದಿದ್ದರೆ ಹೆದರಲ್ಲ.

ಡಲ್ಲಾಸ್‌ನ ಜನರಲ್ ಮ್ಯಾನೇಜರ್ ನೀಕೊ ಹ್ಯಾರಿಸನ್ ಲೂಕಾನನ್ನು ಟೆಂಡರ್‌ಗೇ ಹಾಕಲಿಲ್ಲ. ಗುಟ್ಟಾಗಿ ಲೇಕರ್ಸ್ ಜೊತೆ ಮಾತಾಡಿ ಮುಗಿಸಿದರು. ಉಳಿದ ತಂಡಗಳಿಗೆ ಲೂಕಾ ಮಾರಾಟಕ್ಕಿದ್ದಾನೆ ಅಂತಲೇ ಗೊತ್ತಿರಲಿಲ್ಲ. ಅವರ ಕಡೆಗೂ ಒಂದು ಮಾತು ಇದೆ: ಮುಂದೆ ಲೂಕಾಗೆ ಸುಮಾರು 34.5 ಕೋಟಿ ಡಾಲರ್‌ನ ಐದು ವರ್ಷದ ಒಪ್ಪಂದ ಕೊಡಬೇಕಿತ್ತು, ಅವನ ಮೈಕಟ್ಟಿನ ಬಗ್ಗೆ ಚಿಂತೆ ಇತ್ತು. ಇರಲಿ. ಮಾರಬೇಕು ಅಂತ ತೀರ್ಮಾನ ಮಾಡಿದ್ದೇ ತಪ್ಪು ಅನ್ನಲ್ಲ ನಾನು. ಒಬ್ಬನನ್ನೇ ಕೇಳಿ ಮಾರಿದ್ದು ತಪ್ಪು.

ಆದ್ದರಿಂದ ಆಫರ್ ಪಕ್ಕದಲ್ಲಿ ಎರಡು ಸಾಲು ಬರೆಯಿರಿ. ಇದನ್ನು ಬಿಟ್ಟರೆ ಸಿಗಬಹುದಾದ ಮುಂದಿನ ಒಳ್ಳೆ ಆಫರ್ ಯಾವುದು? ಏನೂ ಮಾಡದೆ ಸುಮ್ನೆ ಇದ್ದರೆ ಏನಾಗುತ್ತೆ? ಎರಡನೆಯದನ್ನು ಯಾರೂ ಕೇಳಲ್ಲ. ಸ್ಟಾರ್‌ಗೆ ಇನ್ನೂ ಮೂರು ವರ್ಷ ಒಪ್ಪಂದ ಇದ್ದರೆ ಸುಮ್ನೆ ಇರುವುದು ಬಲವಾದ ಉತ್ತರ. ಒಂದೇ ವರ್ಷ ಇದ್ದು ಅವನು ಹೋಗುತ್ತೇನೆ ಅಂದಿದ್ದರೆ ಸುಮ್ನೆ ಇದ್ದವನಿಗೆ ಕೊನೆಗೆ ಸೊನ್ನೆ.

ಹಂತ 7: ಡಾಕ್ಟರ್ ಚೀಟಿ ಬರುವವರೆಗೆ ಪಟಾಕಿ ಹೊಡೆಯಬೇಡಿ

ಸುದ್ದಿ ಬಂದ ಮಾತ್ರಕ್ಕೆ ಟ್ರೇಡ್ ಮುಗಿದಿಲ್ಲ. ಆಟಗಾರರ ದೇಹ ಪರೀಕ್ಷೆ ಆಗಬೇಕು. 2025ರ ಫೆಬ್ರವರಿಯಲ್ಲೇ ಲೇಕರ್ಸ್ ಷಾರ್ಲಟ್‌ನಿಂದ ಮಾರ್ಕ್ ವಿಲಿಯಮ್ಸ್‌ನನ್ನು ತಂದು, ಪರೀಕ್ಷೆಯಲ್ಲಿ ಒಪ್ಪಿಗೆಯಾಗದೆ ಇಡೀ ಟ್ರೇಡ್ ರದ್ದು ಮಾಡಿತು. ಕಳಿಸಿದ್ದ ಹುಡುಗ ಡಾಲ್ಟನ್ ನೆಕ್ಟ್ ವಾಪಸ್ ಬಂದ. ಅವನ ಮುಖ ಹೇಗಿರಬೇಡ! 2017ರಲ್ಲಿ ಕೈರಿ ಅರ್ವಿಂಗ್‌ಗೆ ಬದಲಾಗಿ ಬಂದ ಐಸೆಯಾ ಥಾಮಸ್‌ನ ಸೊಂಟದ ಗಾಯ ನೋಡಿ ಕ್ಲೀವ್‌ಲ್ಯಾಂಡ್ ತಕರಾರು ತೆಗೆದು, ಒಂದು ಎರಡನೇ ಸುತ್ತಿನ ಪಿಕ್ ಜಾಸ್ತಿ ವಸೂಲಿ ಮಾಡಿತು. ಥಾಮಸ್ ಅಲ್ಲಿ ಆಡಿದ್ದು 15 ಪಂದ್ಯ.

ಬಿಲ್ಲಿನ ಹಿಂದೆ ಒಂದು ಲೆಕ್ಕ

ಹಂತ ಎಲ್ಲ ಓದಿದ ಮೇಲೆ ಒಂದು ಆಫರ್ ತೂಗಿ ನೋಡೋಣ. ಇದು ನಾನೇ ಕಟ್ಟಿದ್ದು, ಯಾವ ತಂಡದ್ದೂ ಅಲ್ಲ. ಮೊನ್ನೆ ದೋಸೆ ಬಿಲ್ಲಿನ ಹಿಂದೆ ಬರೆದು ಗೆಳೆಯನ ಮುಂದೆ ಇಟ್ಟೆ. ಬಿಲ್ಲಿಗೆ ಬೆಣ್ಣೆ ಹತ್ತಿ ಪೆನ್ನು ಜಾರುತ್ತಿತ್ತು.

ಈಗ 2026. ನಾವು ಮಾರುವವರು. ಸ್ಟಾರ್‌ಗೆ 28 ವರ್ಷ, ಸಂಬಳ 5 ಕೋಟಿ ಡಾಲರ್, ಎರಡು ವರ್ಷ ಬಾಕಿ, ಮುಂದುವರಿಯಲ್ಲ ಅಂದಿದ್ದಾನೆ. ಬದಲಿಗೆ ಬರುವವರು: 23ರ ಒಬ್ಬ ಹುಡುಗ, 1 ಕೋಟಿ. 30ರ ಒಬ್ಬ ಆಟಗಾರ, 2.5 ಕೋಟಿ, ಇನ್ನೂ ಮೂರು ವರ್ಷ. ಈ ವರ್ಷ ಒಪ್ಪಂದ ಮುಗಿಯುವ ಇನ್ನೊಬ್ಬ, 1.5 ಕೋಟಿ. ಜೊತೆಗೆ 2027ರ ಟಾಪ್-4 ಪ್ರೊಟೆಕ್ಟೆಡ್ ಪಿಕ್, 2029 ಮತ್ತು 2031ರ ಬೇಲಿ ಇಲ್ಲದ ಪಿಕ್.

ಗೆಳೆಯ ಮೊದಲು ಕೂಡಿದ. "ಐದಕ್ಕೆ ಐದು. ಸರಿ ಐತಲ್ಲ." ಸರಿಯೇ, ಆದರೆ ಕೊಳ್ಳುವ ತಂಡ ಎರಡನೇ ಏಪ್ರನ್ ಮೇಲಿದ್ದರೆ ಮೂವರ ಸಂಬಳ ಕೂಡಿಸುವಂತಿಲ್ಲ, ಈ ಆಫರ್ ಹುಟ್ಟುವುದೇ ಇಲ್ಲ. ಮೇಲಿಲ್ಲ ಅಂತ ಇಟ್ಟುಕೊಂಡು ಮುಂದೆ ಹೋದೆವು.

2027ರ ಪಿಕ್‌ಗೆ ನಾನು ಗೆರೆ ಎಳೆದೆ. ಸ್ಟಾರ್ ಹೋದ ಮರುವರ್ಷ ಆ ತಂಡ ಗೆಲ್ಲುತ್ತೆ, ಪಿಕ್ 25ರ ಆಚೆ. ಅಕಸ್ಮಾತ್ ಸೋತು ಮೇಲೇರಿದರೆ ಬೇಲಿ ಇದೆ. ಎರಡೂ ಕಡೆ ನಮಗೆ ಲಾಭ ಇಲ್ಲ. 2029ಕ್ಕೆ ಸ್ಟಾರ್‌ಗೆ 31, ಒಪ್ಪಂದ ಮುಗಿದು ಹೋಗಿರಲೂಬಹುದು, ಪರವಾಗಿಲ್ಲ. 2031ಕ್ಕೆ 33. ಅದಕ್ಕೆ ಪೆನ್ನಲ್ಲಿ ಎರಡು ವೃತ್ತ ಹಾಕಿದೆ.

"ಈ 2.5 ಕೋಟಿಯವನು ಯಾರಿಗೆ ಬೇಕು?" ಅಂದ ಗೆಳೆಯ. ಸರಿಯಾದ ಜಾಗಕ್ಕೆ ಕೈ ಹಾಕಿದ್ದ. ನಾವು ಹೊಸದಾಗಿ ಕಟ್ಟುವವರು, ಅವನ ಮೂರು ವರ್ಷದ ಸಂಬಳ ನಮಗೆ ಹೊರೆ. ಆದರೆ ಅವನನ್ನು ತೆಗೆದರೆ ಸಂಬಳದ ಲೆಕ್ಕ ಕೂಡಲ್ಲ. ಇಂಥ ಹೊತ್ತಲ್ಲೇ ಮೂರನೇ ತಂಡ ಬರುವುದು. ಅಂಥ ಆಟಗಾರ ಬೇಕಾಗಿರುವ ಇನ್ನೊಬ್ಬರ ಕಡೆ ಅವನನ್ನು ಸಾಗಿಸಿ, ನಮಗೆ ಬೇಗ ಮುಗಿಯುವ ಒಪ್ಪಂದ ತರಿಸಿಕೊಳ್ಳಬೇಕು. ಇನ್ನು 2027ರ ಪಿಕ್ ಅವರೇ ಇಟ್ಟುಕೊಳ್ಳಲಿ, ಬದಲಿಗೆ 2028 ಮತ್ತು 2030ರ ಸ್ವಾಪ್ ಕೊಡಲಿ. ಹಾಗೆ ಕೇಳಿದರೆ ಕೊಳ್ಳುವವನಿಗೂ ಖುಷಿ, ಇವತ್ತಿನ ಪಿಕ್ ಉಳಿಯಿತು ಅಂದುಕೊಳ್ಳುತ್ತಾನೆ.

ಕೊನೆಗೆ ಉಳಿದಿದ್ದು ಆ 23ರ ಹುಡುಗ. ಅವನು ಅಡಿಕೆಯೋ ಮಂಡಕ್ಕಿಯೋ ಅನ್ನೋದನ್ನು ಬಿಲ್ಲಿನ ಹಿಂದೆ ಬರೆಯಲಾಗದು. ಅದಕ್ಕೆ ಅವನ ಇಪ್ಪತ್ತು ಪಂದ್ಯ ಪೂರ್ತಿ ನೋಡಬೇಕು, ಹೈಲೈಟ್ಸ್ ಅಲ್ಲ. ಸೋಲುತ್ತಿರುವ ಪಂದ್ಯದಲ್ಲಿ ಡಿಫೆನ್ಸ್‌ಗೆ ಓಡಿ ಬರುತ್ತಾನಾ, ಚೆಂಡು ಸಿಗದಿದ್ದಾಗ ನಿಂತಲ್ಲೇ ನಿಲ್ಲುತ್ತಾನಾ, ಅಷ್ಟು ನೋಡಿದರೆ ಸಾಕು.

ಹಣೆಬರಹದ ಬಗ್ಗೆ ಒಂದು ಎಚ್ಚರಿಕೆ

ಲೂಕಾ ಹೋದ ಮೇಲೆ ಡೇವಿಸ್ ಡಲ್ಲಾಸ್‌ನ ಮೊದಲ ಪಂದ್ಯದಲ್ಲೇ ಗಾಯಗೊಂಡ. ಆ ಹೊತ್ತಿಗೆ ಡಲ್ಲಾಸ್‌ನಲ್ಲಿದ್ದ ಕೈರಿ ಅರ್ವಿಂಗ್‌ನ ಮೊಣಕಾಲು ಮಾರ್ಚ್‌ನಲ್ಲಿ ಹೋಯಿತು. ತಂಡ ಪ್ಲೇಆಫ್ ಸೇರಲಿಲ್ಲ. ಆಮೇಲೆ ಡ್ರಾಫ್ಟ್ ಲಾಟರಿಯಲ್ಲಿ (ಪ್ಲೇಆಫ್ ಸೇರದ ತಂಡಗಳಲ್ಲಿ ಮೊದಲ ಸರದಿಗಳು ಯಾರಿಗೆ ಅಂತ ಎತ್ತುವ ಚೀಟಿ) ಶೇ 1.8 ಅವಕಾಶ ಇದ್ದ ಅದೇ ಡಲ್ಲಾಸ್‌ಗೆ ಮೊದಲ ಸರದಿ ಬಿತ್ತು, ಆ ವರ್ಷ ಎಲ್ಲರೂ ಕಣ್ಣಿಟ್ಟಿದ್ದ ಹೊಸ ಹುಡುಗ ಕೂಪರ್ ಫ್ಲ್ಯಾಗ್ ಬಂದ. ನಮ್ಮ ಇನ್ನೊಬ್ಬ ಗೆಳೆಯ ಅವತ್ತು ಫೋನ್ ಮಾಡಿ "ನೋಡಿದ್ಯಾ, ಹ್ಯಾರಿಸನ್ ಗೆದ್ದ!" ಅಂತ ಕುಣಿದ. ನಾನು ಒಪ್ಪಲಿಲ್ಲ, ಈಗಲೂ ಒಪ್ಪಲ್ಲ. ಲಾಟರಿ ಆಫರ್‌ನಲ್ಲಿ ಇರಲಿಲ್ಲ. ರೋಡಿಗೆ ಬಿದ್ದವನಿಗೆ ನೋಟು ಸಿಕ್ಕಿದರೆ ಬಿದ್ದದ್ದು ಬುದ್ಧಿವಂತಿಕೆ ಆಗಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಹ್ಯಾರಿಸನ್ ಕೆಲಸವೂ ಹೋಯಿತು.

ಹಾಗೆಯೇ ಟ್ರೇಡ್ ಆದ ದಿನವೇ ಬರುವ "ಎ ಪ್ಲಸ್, ಬಿ ಮೈನಸ್" ಗ್ರೇಡ್‌ಗಳನ್ನು ನಾನು ಓದುವುದು ಬರೀ ಮಜಕ್ಕೆ. ನಿಮ್ಮ ತೂಕ ನೀವೇ ಹಾಕಿ, ದಿನಾಂಕ ಬರೆದು, ಎಲ್ಲಾದರೂ ಮಡಚಿ ಇಡಿ. ಕೊನೇ ಪಿಕ್‌ನ ವರ್ಷ ಬಂದಾಗ ತೆಗೆದು ನೋಡಿದರೆ ಗೆಳೆಯರ ಮುಂದೆ ಮಾತಾಡೋಕೆ ಒಂದು ದಾಖಲೆ ಇರುತ್ತೆ. ನನ್ನ ಡಲ್ಲಾಸ್ ಚೀಟಿ 2029ರವರೆಗೆ ಪರ್ಸಿನಲ್ಲೇ ಇರುತ್ತೆ.

ಕೊನೆಗೊಂದು ಕೆಲಸದ ಮಾತು. ಪ್ರತಿ ಫೆಬ್ರವರಿ ಟ್ರೇಡ್ ಡೆಡ್‌ಲೈನ್ ಅಲ್ಲಿಯ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತೆ, ನಮಗದು ರಾತ್ರಿ ಒಂದೂವರೆ. ಎದ್ದು ಕೂತು ಕಾಯಬೇಡಿ. ಬೆಳಿಗ್ಗೆ ಏಳುವ ಹೊತ್ತಿಗೆ ಆದದ್ದೆಲ್ಲ ಪಟ್ಟಿಯಾಗಿ ಸಿಗುತ್ತೆ, ಪೆನ್ನು ಮಾತ್ರ ಹತ್ತಿರ ಇರಲಿ.